ಗೋಡೆ ಚಿತ್ರದ ಉಳಿದರ್ಧ

ಪ್ರೀತಿಯ ಭಾವನವರಿಗೆ,

ಯಾರ ಒತ್ತಾಯವೂ ಇಲ್ಲದೆ, ಮುಖ ತೊಳೆದುಕೊಂಡು, ನೆಟ್ಟಗೆ ಕುಳಿತು ಒಪ್ಪಿಕೊಳ್ಳುತ್ತಿದ್ದೇನೆ: ನಾನು ಕಳ್ಳ. ವಯಸ್ಸು ನಲವತ್ತೊಂದು. ವೃತ್ತಿ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ. ಹಿಂದಿನ ಅಪರಾಧ, ಕಾಲೇಜು ಲೈಬ್ರರಿಯ ಒಂದು ದಪ್ಪ ಪುಸ್ತಕ. ಅದನ್ನು ಇವತ್ತಿಗೂ ಓದಿಲ್ಲವಾದ್ದರಿಂದ ಕದ್ದೆ ಎನ್ನುವುದಕ್ಕಿಂತ ಜಾಗ ಬದಲಿಸಿದೆ ಎನ್ನುವುದು ಸರಿ. ಆದರೆ ಹತ್ತು ತಿಂಗಳ ಹಿಂದೆ, ನಿಮ್ಮ ಸಾಮಾನು ಅಕ್ಕನ ಮನೆಯಿಂದ ಹೊರಡುವ ಬೆಳಿಗ್ಗೆ, ಬಾಗಿಲ ಬಳಿ ಸಾಲಾಗಿ ನಿಂತಿದ್ದ ಐದು ರಟ್ಟಿನ ಪೆಟ್ಟಿಗೆಗಳಲ್ಲಿ ಮೂರನೆಯದರ ಅಂಟುಪಟ್ಟಿಯನ್ನು ಉಗುರಿನಿಂದ ಬಿಡಿಸಿದವನು ನಾನೇ. ನಿಮ್ಮ ಬನಿಯನ್ನುಗಳ ನಡುವೆ ಬೆಚ್ಚಗೆ ಮಲಗಿದ್ದ ಹಿತ್ತಾಳೆ ಹಿಡಿಕೆಯನ್ನು ಎತ್ತಿ, ಮಡಚಿದ ಕೊಡೆಯೊಳಗೆ ಇಳಿಬಿಟ್ಟುಕೊಂಡು ಹೊರಟವನೂ ನಾನೇ. ಅವತ್ತು ಕಣ್ಣು ಬಿಡಲಾಗದ ಬಿಸಿಲು. ಇವನಿಗೆ ಕೊಡೆ ಯಾಕೆ ಎಂದು ಯಾರೂ ಕೇಳಲಿಲ್ಲ. ಅವತ್ತು ಯಾರೂ ಯಾರನ್ನೂ ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

‘ಭಾವ’ ಎಂಬ ಈ ಸಂಬೋಧನೆಯ ವಾಯಿದೆ ಆ ಪೆಟ್ಟಿಗೆಗಳ ಜೊತೆಯೇ ಮುಗಿಯಿತೆಂದು ಬಲ್ಲೆ. ನಿಮ್ಮನ್ನು ಇನ್ನು ಏನೆಂದು ಕರೆಯಬೇಕೋ ಯಾರೂ ತಿಳಿಸಿಲ್ಲ. ವಿಚ್ಛೇದನದ ಕಾಗದಕ್ಕೆ ಅಕ್ಕನೂ ನೀವೂ ಸಹಿ ಹಾಕಿದಿರಿ. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಹಳೆಯದೇ ಚಾಲ್ತಿಯಲ್ಲಿದೆ.

ಹಿಡಿಕೆಯನ್ನು ವಾಪಸು ಕೊಡುವ ಉದ್ದೇಶದಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ನ್ಯಾಯವಾಗಿ ಅದು ನನ್ನದು. ಕೆಡವಲು ನಿಂತಿದ್ದ ಒಂದು ಹಳೇ ಕಟ್ಟಡದ ಲಿಫ್ಟಿನಿಂದ ಅದನ್ನು ಬಿಚ್ಚಿ ತಂದವರು, ಮರದ ತುಂಡಿಗೆ ಸ್ಕ್ರೂ ಹೊಡೆದು ನಿಲ್ಲಿಸಿದವರು ನೀವು, ಸರಿ. ಲಿಫ್ಟ್ ರಿಪೇರಿಯವರ ಮನೆಯಲ್ಲಿ ಪ್ರಶಸ್ತಿ ಅಂದರೆ ಇನ್ನೇನಿರುತ್ತದೆ! ಆದರೆ ಹನ್ನೊಂದು ವರ್ಷದಲ್ಲಿ ಅದನ್ನು ಏಳು ಸಲ ಗೆದ್ದವನು ನಾನು, ನಾಲ್ಕೇ ಸಲ ನೀವು. ಕಳೆದ ಸಲ ಗೆದ್ದವನೂ ನಾನೇ. ಮನೆಗೆ ಒಯ್ಯಲು ಸೋಮಾರಿತನವಾಗಿ ನಿಮ್ಮ ಟಿವಿ ಪಕ್ಕದಲ್ಲೇ ಬಿಟ್ಟಿದ್ದೆ, ಅಷ್ಟೆ. ಪ್ರತಿ ವರ್ಷ ಚಲನಚಿತ್ರ ಪ್ರಶಸ್ತಿ ಸಮಾರಂಭಕ್ಕೆ ಮೊದಲು ಹನ್ನೆರಡು ವಿಭಾಗಗಳಲ್ಲಿ ಯಾರು ಗೆಲ್ಲುತ್ತಾರೆಂದು ಒಬ್ಬರಿಗೊಬ್ಬರು ತೋರಿಸದೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಕ್ಕನ ಕೈಗೆ ಕೊಡುವುದು. ಅವಳು ಎರಡನ್ನೂ ಸಕ್ಕರೆ ಡಬ್ಬದ ಹಿಂದೆ ಇಡುವುದು. ಸಮಾರಂಭ ಶುರುವಾದಾಗ ಒಡೆದು, ತಾನು ಕೆಲಸ ಮಾಡುವ ಔಷಧ ಅಂಗಡಿಯಲ್ಲಿ ಗಿರಾಕಿಗಳಿಗೆ ‘ಊಟಕ್ಕೆ ಮೊದಲು ಒಂದು, ಊಟ ಆದ ಮೇಲೆ ಒಂದು’ ಎನ್ನುವ ಅದೇ ದನಿಯಲ್ಲಿ ಓದುವುದು. ಯಾರದು ಹೆಚ್ಚು ಸರಿಯೋ ಅವರಿಗೆ ಒಂದು ವರ್ಷ ಹಿಡಿಕೆಯ ಹಿಡಿತ.

ಮೊದಲನೇ ನಿಯಮ ಬರೆದವರೂ ನೀವೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಲಿಫ್ಟಿನೊಳಗಿನ ಎಚ್ಚರಿಕೆ ಫಲಕದ ಅಕ್ಷರಗಳಲ್ಲಿ: ‘ಗಮನಿಸಿ. ಅತ್ಯುತ್ತಮ ಚಿತ್ರದ ಪಟ್ಟಿಯ ಐದೂ ಚಿತ್ರಗಳನ್ನು ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ನೋಡದವನು ಅನರ್ಹ. ಅನರ್ಹನು ಹಿಡಿಕೆ ಮುಟ್ಟತಕ್ಕದ್ದಲ್ಲ.’ ಸಾಕ್ಷಿಗೆ ಟಿಕೆಟ್ಟಿನ ಚೂರನ್ನು ಅಂಟಿಸಬೇಕು. ಭಾವ, ನಾನು ಬದುಕಿನಲ್ಲಿ ಬಹಳ ನಿಯಮ ಮುರಿದಿದ್ದೇನೆ. ತಿಂಗಳಿಗೊಮ್ಮೆ ತೊಳೆಯಬೇಕಾದ ಪರದೆಯನ್ನು ವರ್ಷಕ್ಕೊಮ್ಮೆ ತೊಳೆಯುತ್ತೇನೆ. ಆದರೆ ಆ ನೋಟ್‌ಬುಕ್ಕಿನ ಮಟ್ಟಿಗೆ ನಾನು ಕಲೆಯಿಲ್ಲದ ಗಾಜು. ತೀರ್ಪು ಕೊಡುವ ಮುನ್ನ ಪೂರ್ತಿ ನೋಡುವವನು. ಅದಕ್ಕೇ ಅಂಗಡಿಯಲ್ಲಿ ನನ್ನನ್ನು ‘ತೀರ್ಪುಗಾರರು’ ಎನ್ನುತ್ತಾರೆ, ಚಿತ್ರಮಂದಿರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಬಂದು, ‘ಹೋಗ್ಬಹುದಾ ಸರ್?’ ಎಂದು ಕೇಳಿಕೊಂಡು ಹೋಗುವ ಗಿರಾಕಿಗಳಿದ್ದಾರೆ. ಅವರಿಗೆ ಕಣ್ಣಿನ ನಂಬರಿಗಿಂತ ನಾನು ಕೊಡುವ ಸ್ಟಾರ್ ನಂಬರಿನ ಮೇಲೆ ನಂಬಿಕೆ.

ನಮ್ಮ ಹಳೇ ಜಗಳದಲ್ಲೂ ನನ್ನ ನಿಲುವು ಬದಲಾಗಿಲ್ಲ. ಒಂಬತ್ತು ವರ್ಷದ ಹಿಂದಿನ ಆ ಗೋಡೆ ಚಿತ್ರ. ಗಂಡ ಹೆಂಡತಿ ಮಾತು ಬಿಟ್ಟು, ಜಗಳಕ್ಕೊಂದರಂತೆ ಇಟ್ಟಿಗೆ ಇಡುತ್ತಾ ಮನೆಯ ನಟ್ಟನಡುವೆ ಗೋಡೆ ಎಬ್ಬಿಸುವ ಚಿತ್ರ. ಅತ್ಯುತ್ತಮ ಚಿತ್ರ ಪ್ರಶಸ್ತಿ ಅದಕ್ಕೆ ತಪ್ಪಿ, ಹಾಡು ಕುಣಿತದ ಇನ್ನೊಂದಕ್ಕೆ ಹೋಯಿತು. ನೀವು ತೊಡೆ ತಟ್ಟಿಕೊಂಡು, ‘ಸರಿಯಾಗೇ ಆಯ್ತು! ಆ ಕೊನೆ ಸುಳ್ಳು ಕಣೋ, ಬರೀ ಸುಳ್ಳು’ ಎಂದಿರಿ. ನಾನು, ‘ಅಷ್ಟು ನಿಜವಾದ ಕೊನೆ ಇನ್ನೊಂದು ತೋರಿಸಿ, ಚಿತ್ರ ನೋಡೋದೇ ಬಿಟ್ಟುಬಿಡ್ತೀನಿ’ ಎಂದೆ. ಆಮೇಲೆ ಯಾರ ಮದುವೆಯಲ್ಲಿ, ಯಾರ ಆಸ್ಪತ್ರೆ ಹಾಸಿಗೆ ಪಕ್ಕ, ಯಾವ ಬಸ್ಸಿನಲ್ಲಿ ನಾವು ಆ ಜಗಳ ಆಡಿಲ್ಲ ಹೇಳಿ. ಹನ್ನೊಂದು ವರ್ಷದಲ್ಲಿ ಅಕ್ಕ ನಮ್ಮ ಜೊತೆ ಬಂದದ್ದು ಅದೊಂದೇ ಚಿತ್ರಕ್ಕೆ. ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಕೂತಿದ್ದಳು. ನಮ್ಮ ಜಗಳ ಶುರುವಾದರೆ, ‘ನಿಮಗಿಬ್ರಿಗೂ ಬೇರೆ ಕೆಲಸ ಇಲ್ಲ’ ಎಂದು ಎದ್ದು ಹೋಗುತ್ತಿದ್ದಳು.

ಈಗ ವರ್ತಮಾನ. ನೀವು ಮನೆ ಬಿಟ್ಟ ವಾರವೇ ಚಿತ್ರರಂಗದ ಆ ಪ್ರಸಿದ್ಧ ಜೋಡಿಯೂ ಬೇರೆಯಾಯಿತು. ಅವರದು ಎರಡು ಸಾಲಿನ ಪ್ರಕಟಣೆ: ‘ಗೌರವದಿಂದ ಬೇರೆಯಾಗುತ್ತಿದ್ದೇವೆ, ಒಳ್ಳೆಯ ಸ್ನೇಹಿತರಾಗಿ ಉಳಿಯುತ್ತೇವೆ.’ ನಮ್ಮ ಅಂಗಡಿಯಲ್ಲಿ ಅವತ್ತು ಸಾವಿನ ಮನೆಯ ಕಳೆ. ಕೌಂಟರಿನಲ್ಲಿ ಕೂತು ಬಿಲ್ಲು ಬರೆಯುವ ಬಿಲ್ಲಕ್ಕ ಮೂಗೊರೆಸಿಕೊಂಡು, ‘ಮೊದಲನೇ ಚಿತ್ರದಿಂದ ನೋಡ್ಕೊಂಡು ಬಂದಿದೀನಿ ಸರ್, ಹದಿನಾರು ವರ್ಷ! ಇವರೇ ಹೀಗಂದ್ರೆ ಇನ್ನು ಯಾರನ್ನ ನಂಬೋದು?’ ಎಂದರು. ಮೂಲೆಯಲ್ಲಿ ಲೆನ್ಸ್ ಉಜ್ಜುವ ಗಾಜಜ್ಜ ಯಂತ್ರ ನಿಲ್ಲಿಸದೆಯೇ, ‘ಎಡಗಣ್ಣಿನ ಗಾಜು ಬಲಗಣ್ಣಿಗೆ ಹಾಕಿದ್ರೆ ಹದಿನಾರು ವರ್ಷ ತಲೆನೋವು ಬರುತ್ತಮ್ಮ. ಬಿಚ್ಚಿಟ್ಟದ್ದೇ ಒಳ್ಳೇದಾಯ್ತು’ ಎಂದ. ಇಬ್ಬರೂ ನನ್ನ ಕಡೆ ತಿರುಗಿದರು. ‘ತೀರ್ಪು ಹೇಳಿ ಸರ್, ಯಾರದು ತಪ್ಪು?’

ನಾನು ಮುಂದಿನ ಗಿರಾಕಿಯನ್ನು ಕಣ್ಣು ಪರೀಕ್ಷೆಗೆ ಕರೆದೆ. ಆ ನಟಿಯ ಮೇಲೆ ಕನಿಕರ ಇಲ್ಲ, ನಟನ ಮೇಲೆ ಸಿಟ್ಟಿಲ್ಲ, ಚಪಲಕ್ಕೆ ಒಂದು ಗಾಳಿಸುದ್ದಿಯೂ ಹುಟ್ಟಲಿಲ್ಲ. ಆ ಜೋಡಿಯ ಸುದ್ದಿ ಎಷ್ಟೋ ಪತ್ರಿಕೆಗಳಲ್ಲಿ ಬಂತು. ಅಕ್ಕ ಮತ್ತು ನೀವು ಬೇರೆಯಾದದ್ದನ್ನು ಹಾಲಿನವನಿಗೆ ‘ಇನ್ಮೇಲೆ ಒಂದೇ ಪ್ಯಾಕೆಟ್ ಸಾಕು’ ಎಂದು ಅಕ್ಕ ಹೇಳಿದ್ದು ಬಿಟ್ಟರೆ ಯಾರೂ ಯಾರಿಗೂ ಪ್ರಕಟಿಸಲಿಲ್ಲ. ಬಿಲ್ಲಕ್ಕನಿಗೆ ಅಳಲು ಒಂದು ಜೋಡಿ ಇತ್ತು. ನನಗೆ ಒಳಗೆ ಕೈ ಹಾಕಿ ತಡಕಿದರೂ ಏನೂ ಸಿಗಲಿಲ್ಲ, ಜೇಬಿನಲ್ಲಿ ಬೀಗದ ಕೈ ಇಲ್ಲದಾಗ ತಡಕಿದ ಹಾಗೆ. ಭಾವ ಹೋದ ಮೇಲೆ ಮನುಷ್ಯ ಭಾವಶೂನ್ಯನಾಗದೆ ಇನ್ನೇನಾಗುತ್ತಾನೆ? ಈ ಶ್ಲೇಷೆಗೆ ನೀವಿದ್ದಿದ್ದರೆ ದಿಂಬು ಎಸೆಯುತ್ತಿದ್ದಿರಿ. ಯಾರೂ ಎಸೆಯದಿದ್ದರೆ ಶ್ಲೇಷೆ ಎಷ್ಟು ಹೊತ್ತು ಗಾಳಿಯಲ್ಲೇ ನಿಂತಿರುತ್ತದೆ ಗೊತ್ತೇ?

ನನ್ನ ಕೆಲಸ ನಿಮಗೆ ಗೊತ್ತಲ್ಲ. ಕತ್ತಲೆ ಕೋಣೆ, ಎದುರಿಗೆ ಬೆಳಕಿನ ಅಕ್ಷರಗಳು. ಗಿರಾಕಿಯ ಕಣ್ಣ ಮುಂದೆ ಒಂದು ಗಾಜು ಇಟ್ಟು ‘ಇದು ಚೆನ್ನಾಗಿ ಕಾಣುತ್ತಾ’ ಎನ್ನುತ್ತೇನೆ, ತೆಗೆದು ಇನ್ನೊಂದಿಟ್ಟು ‘ಅಥವಾ ಇದಾ’ ಎನ್ನುತ್ತೇನೆ. ಕೆಲವರು ಎಷ್ಟು ಬದಲಿಸಿದರೂ ‘ಎರಡೂ ಒಂದೇ ಥರ ಇದೆ ಸರ್’ ಎನ್ನುತ್ತಾರೆ. ಮೊದಲೆಲ್ಲ ಅವರ ಮೇಲೆ ರೇಗುತ್ತಿದ್ದೆ. ಈ ಹತ್ತು ತಿಂಗಳು ಅವರೇ ನನ್ನ ಪಕ್ಷದವರು. ಈ ವರ್ಷದ ಪಟ್ಟಿಯ ಐದೂ ಚಿತ್ರಗಳಿಗೆ ಒಬ್ಬನೇ ಹೋದೆ. ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಕಣ್ಣು ಮುಚ್ಚದೆ ಕೂತೆ. ಟಿಕೆಟ್ಟುಗಳನ್ನು ಅಂಟಿಸಿದೆ. ಒಂದರಲ್ಲಿ ತಾಯಿ ಸಾಯುತ್ತಾಳೆ, ಇನ್ನೊಂದರಲ್ಲಿ ಊರೇ ಮುಳುಗುತ್ತದೆ, ಮತ್ತೊಂದರಲ್ಲಿ ಜನ ನಕ್ಕು ನಕ್ಕು ಸೀಟಿನಿಂದ ಜಾರುತ್ತಾರೆ. ನಾನು ಪಾಪ್‌ಕಾರ್ನ್ ತಿಂದೆ. ಮುಗಿದ ಮೇಲೆ ಪಕ್ಕದ ಸೀಟಿನ ಕಡೆ ತಿರುಗಿ, ‘ಏನಂತೀರಿ?’ ಎಂದೆ. ಅಲ್ಲಿ ಕೂತಿದ್ದ ಹೆಂಗಸು ತನ್ನ ಕೈಚೀಲವನ್ನು ಆ ಕಡೆಗೆ ಸರಿಸಿಕೊಂಡಳು.

ಸಮಾರಂಭ ಕಳೆದ ಭಾನುವಾರ ಸಂಜೆ. ರೂಢಿಯಂತೆ ಅಕ್ಕನ ಮನೆಗೆ ಹೋದೆ. ಲಕೋಟೆ ಕೊಟ್ಟೆ. ಅವಳು ಇಸಿದುಕೊಂಡು, ಸಕ್ಕರೆ ಡಬ್ಬ ಸರಿಸಿ, ಇನ್ನೊಂದು ಕೈಯನ್ನು ಹಾಗೇ ಚಾಚಿಕೊಂಡು ನಿಂತಳು. ಎರಡನೆಯ ಲಕೋಟೆಗೆ. ಹನ್ನೊಂದು ವರ್ಷದ ಕೈ ಅದು, ಅದಕ್ಕೆ ಯಾರೂ ಹೇಳಿರಲಿಲ್ಲ. ಆಮೇಲೆ ಆ ಕೈಯನ್ನು ಸೀರೆಗೆ ಒರೆಸಿಕೊಂಡು, ‘ಟೀ ಕುಡೀತೀಯಾ?’ ಎಂದಳು. ಕುಡೀತೀನಿ ಎಂದೆ.

ನಿಮಗೆ ಸಮಾರಂಭದ ವರದಿ ಬೇಕಿರಬಹುದು. ಅತ್ಯುತ್ತಮ ನಟ ಪ್ರಶಸ್ತಿ, ಎರಡು ವರ್ಷ ಗಡ್ಡ ಬಿಟ್ಟವನಿಗೆ ಹೋಯಿತು. ನ್ಯಾಯವಾಗಿ ಗಡ್ಡವನ್ನೇ ವೇದಿಕೆಗೆ ಕರೆಯಬೇಕಿತ್ತು. ಅಭಿನಯವನ್ನೆಲ್ಲ ಅದೇ ಮಾಡಿತ್ತು. ಜೀವಮಾನ ಸಾಧನೆಯ ಪ್ರಶಸ್ತಿ ನಿಮ್ಮ ಮೆಚ್ಚಿನ ಆ ಹಾಸ್ಯನಟನಿಗೆ. ಎತ್ತುವ ವಯಸ್ಸಿನಲ್ಲಿ ಒಂದು ಲೋಟವನ್ನೂ ಕೊಡದವರು, ಎತ್ತಲಾರದ ವಯಸ್ಸಿಗೆ ಹತ್ತು ಕಿಲೋ ಗೊಂಬೆ ಕೊಟ್ಟರು. ಇಬ್ಬರು ಹುಡುಗಿಯರು ಹಿಡಿದುಕೊಂಡರು, ಮುದುಕರು ಅದಕ್ಕೆ ಒರಗಿ ನಿಂತರು. ‘ಇದು ಬಿದ್ರೆ ನಾನೂ ಬೀಳ್ತೀನಿ, ಬಿಗಿಯಾಗಿ ಹಿಡ್ಕೊಳ್ರಮ್ಮ’ ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಪೋಷಕ ನಟನ ಪ್ರಶಸ್ತಿ ಯಾರಿಗೆ ಬಂತೋ ನೆನಪಿಲ್ಲ. ನೆನಪಿರದೆ ಇರುವುದೇ ಆ ಪ್ರಶಸ್ತಿಯ ಲಕ್ಷಣ. ಆದರೂ ಹೇಳುತ್ತೇನೆ, ಚಿತ್ರದ ನಾಯಕ ನಾಯಕಿ ಬೇರೆಯಾದರೆ ಕತೆ ಮುಂದುವರಿಯುತ್ತದೆ. ನಾಯಕಿಯ ತಮ್ಮನ ಪಾತ್ರ ಮಾಡಿದವನು ಮಾತ್ರ ಮುಂದಿನ ದೃಶ್ಯಕ್ಕೆ ಬೇಕಾಗುವುದೇ ಇಲ್ಲ. ವರ್ಷದಲ್ಲಿ ಅಗಲಿದವರ ಚಿತ್ರಗಳನ್ನೂ ತೋರಿಸಿದರು, ಮಂದ ಸಂಗೀತದ ಜೊತೆ, ಒಬ್ಬೊಬ್ಬರಿಗೂ ನಾಲ್ಕು ಸೆಕೆಂಡು. ಸತ್ತವರಿಗೆ ಆ ನಾಲ್ಕು ಸೆಕೆಂಡಾದರೂ ಇದೆ. ಬೇರೆ ಊರಿನ ಲಿಫ್ಟ್ ಕಂಪನಿಗೆ ವರ್ಗ ಮಾಡಿಸಿಕೊಂಡು ಅಗಲಿದವರಿಗೆ ಯಾವ ಸಂಗೀತ? ಹೀಗೆಲ್ಲ ಯೋಚಿಸಿದೆ. ಯೋಚನೆ ಬಂತು, ಅಷ್ಟೇ. ಅದರ ಹಿಂದೆ ಬರಬೇಕಾದ್ದು ಬರಲಿಲ್ಲ.

ಅತ್ಯುತ್ತಮ ನಟಿ ಪ್ರಶಸ್ತಿ ಆ ಜೋಡಿಯ ಹೆಂಡತಿಗೆ. ಮಾಜಿ ಹೆಂಡತಿಗೆ. ಕ್ಯಾಮೆರಾಕ್ಕೆ ಮಾನ ಮರ್ಯಾದೆ ಇಲ್ಲವಲ್ಲ, ನೇರ ನಾಲ್ಕನೇ ಸಾಲಿಗೆ ಓಡಿತು. ಅಲ್ಲಿ ಅವನು. ಎಲ್ಲರಂತೆ ಚಪ್ಪಾಳೆ ತಟ್ಟಿದ. ಎಲ್ಲರೂ ನಿಲ್ಲಿಸಿದರು, ಅವನು ನಿಲ್ಲಿಸಲಿಲ್ಲ. ಅವಳು ಮೈಕಿನ ಮುಂದೆ ಬಂದು ನಿಂತರೂ ಒಬ್ಬನದೇ ಸದ್ದು, ಟಪ್, ಟಪ್. ಅವಳು ಅವನ ಹೆಸರು ಹೇಳಲಿಲ್ಲ. ತನ್ನ ನಾಯಿಗೂ ಧನ್ಯವಾದ ಹೇಳಿದಳು. ನಿಮ್ಮ ಜೊತೆ ನೋಡಿದ್ದರೆ, ನಾಲ್ಕನೇ ಸಾಲಿನದೇ ಈ ವರ್ಷದ ಶ್ರೇಷ್ಠ ಅಭಿನಯ ಎಂದು ನಾನು ಅನ್ನುತ್ತಿದ್ದೆ, ಅದು ಅಭಿನಯ ಅಲ್ಲ ಕಣೋ ಎಂದು ನೀವು ಅನ್ನುತ್ತಿದ್ದಿರಿ, ಜಾಹೀರಾತು ಮುಗಿಯುವ ತನಕ ಹೊಡೆದಾಡುತ್ತಿದ್ದೆವು.

ಅಕ್ಕ ನನ್ನ ಪಟ್ಟಿ ಓದಿದಳು. ಹನ್ನೆರಡರಲ್ಲಿ ಮೂರು ಸರಿ. ಕಣ್ಣು ಕಟ್ಟಿಕೊಂಡು ಗುರುತು ಹಾಕಿದ್ದರೂ ನಾಲ್ಕು ಬರುತ್ತಿತ್ತು. ‘ಎದುರಾಳಿ ಇಲ್ಲ, ಹಾಗಾಗಿ ನಾನೇ ಗೆದ್ದೆ. ಏಳಿದ್ದದ್ದು ಎಂಟಾಯ್ತು’ ಎಂದೆ. ನಗಲೆಂದೇ ಹೇಳಿದ್ದು.

ಅವಳು ನಗಲಿಲ್ಲ. ಟಿವಿ ನೋಡುತ್ತಲೇ, ‘ಹಿಡಿಕೆ ನಿನ್ನ ಹತ್ರ ಇದೆ ಅಲ್ವಾ?’ ಎಂದಳು.

‘ಯಾವ ಹಿಡಿಕೆ?’

‘ನಾಟಕ ಬೇಡ. ಮೂರನೇ ಪೆಟ್ಟಿಗೇಲಿ ಬನಿಯನ್ ಮಧ್ಯೆ ಇಟ್ಟವಳು ನಾನೇ. ಪೆಟ್ಟು ಬೀಳದ ಹಾಗೆ ಸುತ್ತಿಟ್ಟಿದ್ದೆ. ಅಲ್ಲಿಗೆ ಹೋದ ಮೇಲೆ ಅವರು ಮೊದಲು ಹುಡುಕೋದು ಅದನ್ನೇ ಅಂತ ಗೊತ್ತಿತ್ತು. ನೀನು ಬಿಸಿಲಲ್ಲಿ ಕೊಡೆ ಎತ್ಕೊಂಡು ಹೋಗಿದ್ದೂ ನೋಡಿದೆ.’

ಗೆದ್ದವನು ನಾನು, ನಿಯಮದ ಪ್ರಕಾರ ನನ್ನದೇ ಎಂದು ವಾದಿಸಿದೆ. ಆಗ ಅವಳು ನನ್ನ ಕಡೆ ತಿರುಗಿ, ಔಷಧ ಅಂಗಡಿಯ ಆ ದನಿಯಲ್ಲೇ, ‘ಮೊದಲನೇ ನಿಯಮ ಓದು’ ಎಂದಳು. ‘ಐದೂ ನೋಡಿದೀನಿ, ಟಿಕೆಟ್ ಅಂಟಿಸಿದೀನಿ’ ಎಂದೆ. ‘ಗೋಡೆ ಚಿತ್ರ’ ಎಂದಳು. ‘ಮಧ್ಯದ ಸೀಟಲ್ಲಿ ಕೂತಿದ್ದೆ ಕಣೋ ನಾನು. ನಿನ್ನ ತಲೆ ನನ್ನ ಭುಜದ ಮೇಲಿತ್ತು. ಗೊರಕೆ ಬೇರೆ. ಎಬ್ಬಿಸೋಕೆ ಹೋದ್ರೆ ಅವರೇ ಬಿಡ್ಲಿಲ್ಲ. ದಣಿದಿದಾನೆ, ಮಲಗ್ಲಿ ಅಂದ್ರು.’

ಭಾವ, ನಿಮಗೆ ಗೊತ್ತಿತ್ತು. ಒಂಬತ್ತು ವರ್ಷ.

‘ಮತ್ತೆ ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದೆ.

‘ನಾನೂ ಕೇಳಿದ್ದೆ. ಹೇಳಿಬಿಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ ಅಂದ್ರು.’ ಟಿವಿಯಲ್ಲಿ ಯಾರೋ ಕುಣಿಯುತ್ತಿದ್ದರು. ಅವಳು ರಿಮೋಟು ತೆಗೆದುಕೊಂಡು ಸದ್ದು ಕಡಿಮೆ ಮಾಡಿದಳು. ‘ನನ್ನ ಜೊತೆ ಒಂದು ದಿನಾನೂ ಆಡ್ಲಿಲ್ಲ’ ಎಂದಳು.

ಅವಳ ದನಿಯಲ್ಲಿ ದೂರಿರಲಿಲ್ಲ. ಸ್ಟಾಕು ಖಾಲಿಯಾದ ಮಾತ್ರೆಯ ಹೆಸರು ಹೇಳುವ ಹಾಗಿತ್ತು. ಇಬ್ಬರೂ ಟೀ ಕುಡಿದೆವು. ಆರಿತ್ತು. ನನಗೆ ಆಗಲೂ ಏನೂ ಆಗಲಿಲ್ಲ. ಕಪ್ಪಿನ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿತ್ತು, ಅದನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಾ ಕೂತಿದ್ದೆ.

ಆಮೇಲೆ ಕೇಳಿದೆ. ‘ಕೊನೇಲಿ ಏನಾಗುತ್ತೆ ಅಕ್ಕ? ಗೋಡೆ?’

ಅವಳು ಕಪ್ಪುಗಳನ್ನು ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಮಾಡಿಕೊಂಡೇ, ‘ಅವರನ್ನೇ ಕೇಳು. ಹಿಡಿಕೆ ಕಳಿಸುವಾಗ ಒಂದು ಕಾಗದ ಬರಿ. ನಾನೇನು ಬೇಡ ಅಂದಿದೀನಾ?’ ಎಂದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು.

ಅಕ್ಕನಿಗೆ ನೋವಾದೀತೆಂದು ನಿಮಗೊಂದು ಸಾಲೂ ಬರೆಯದೆ ಹತ್ತು ತಿಂಗಳು ನಾನು ಇಟ್ಟುಕೊಂಡಿದ್ದ ನಿಷ್ಠೆಯನ್ನು ಅವಳು ಕೇಳಿಯೇ ಇರಲಿಲ್ಲ ಎಂದಾಯಿತು.

ಆದ್ದರಿಂದ ಭಾವ, ಮೇಲೆ ಬರೆದದ್ದರಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿಕೊಂಡು ಓದಿ. ಈ ಕಾಗದದ ಜೊತೆ ಹಿಡಿಕೆ ಬರುತ್ತಿದೆ, ಬನಿಯನ್ನಿನಲ್ಲೇ ಸುತ್ತಿದ್ದೇನೆ, ಈ ಸಲ ನನ್ನದು, ಒಗೆದದ್ದು. ಆ ಚಿತ್ರದ ವರ್ಷದಿಂದ ಈಚೆಗೆ ನಾನು ಗೆದ್ದದ್ದೆಲ್ಲ ವಜಾ. ಲೆಕ್ಕ ನೀವೇ ಸರಿಪಡಿಸಿಕೊಳ್ಳಿ. ಇಂಟರ್ವಲ್ಲಿನ ಹೊತ್ತಿಗೆ ಗೋಡೆ ಆ ಹೆಂಡತಿಯ ಗಲ್ಲದ ತನಕ ಬಂದಿತ್ತು, ಅವಳ ಕೈಯಲ್ಲಿ ಇನ್ನೊಂದು ಇಟ್ಟಿಗೆ ಇತ್ತು, ಅಷ್ಟು ನನಗೆ ಗೊತ್ತು. ದೀಪ ಆರಿತು, ತಣ್ಣನೆ ಗಾಳಿ ಬಂತು, ಹೊಟ್ಟೆ ತುಂಬಿತ್ತು. ಎಚ್ಚರವಾದಾಗ ನೀವು ನನ್ನ ಚಪ್ಪಲಿಯನ್ನು ಸೀಟಿನ ಕೆಳಗಿಂದ ಕಾಲಲ್ಲಿ ಎಳೆದು ಕೊಡುತ್ತಿದ್ದಿರಿ. ಮಾರನೆಯ ದಿನ ಪತ್ರಿಕೆಯ ವಿಮರ್ಶೆ ಓದಿದೆ. ‘ಇಷ್ಟು ನಿಜವಾದ ಅಂತ್ಯ ಬೇರೊಂದಿಲ್ಲ, ಅದನ್ನು ತೆರೆಯ ಮೇಲೆಯೇ ನೋಡಿ’ ಎಂದು ಬರೆದಿತ್ತು. ಆ ಒಂದು ಸಾಲಿನ ಬಂಡವಾಳದಲ್ಲಿ ಒಂಬತ್ತು ವರ್ಷ ನಿಮ್ಮೊಡನೆ ವಾದ ಮಾಡಿದವನು ಈ ತೀರ್ಪುಗಾರ.

ಈಗ ಆ ಚಿತ್ರ ಯಾರ ಫೋನಿನಲ್ಲಿ ಬೇಕಾದರೂ ಸಿಗುತ್ತದೆ. ಮೂರು ಸಲ ತೆರೆದಿದ್ದೇನೆ. ಇಂಟರ್ವಲ್ ಬಂದಾಗ ನಿಲ್ಲಿಸುತ್ತೇನೆ. ಆ ಇಟ್ಟಿಗೆಯನ್ನು ಅವಳು ಗೋಡೆಯ ಮೇಲಿಟ್ಟಳೋ, ಕೆಳಗಿಟ್ಟಳೋ ನಾನಾಗಿ ನೋಡಲಾರೆ. ನೀವು ಹೇಳಿ. ಸುಳ್ಳು ಎಂದಿರಲ್ಲ, ಏನು ಸುಳ್ಳು? ಪೂರ್ತಿ ಬರೆಯಿರಿ. ನನಗೆ ವಾದ ಮಾಡಬೇಕಿದೆ.

ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ. ಆದರೂ, ನೀವು ಹತ್ತಿದ ಯಾವ ಲಿಫ್ಟೂ ಎರಡು ಮಹಡಿಗಳ ನಡುವೆ ನಿಲ್ಲದಿರಲಿ.

ಇಂಟರ್ವಲ್‌ವರೆಗೆ ಮಾತ್ರ ಎಚ್ಚರವಿದ್ದ
ನಿಮ್ಮ ಭಾವಮೈದುನ